500 ಡಿಗ್ರಿಯಲ್ಲಿ ಸುಣ್ಣದಕಲ್ಲು ಏಕೆ ಸುಡದು?

ಸುಣ್ಣದಕಲ್ಲನ್ನು 500 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಹಲವು ದಿನ ಇಟ್ಟರೆ ಸುಟ್ಟ ಸುಣ್ಣವಾಗದೇ ಎಂದು ತಾವು ಕೇಳಿದ್ದೀರಿ. ತಡವಾಗುವುದಷ್ಟೇ ತೊಡಕಾಗಿದ್ದರೆ ಕಾಯಬಹುದಿತ್ತು. ಸುಣ್ಣದಕಲ್ಲಿನ ಮುಖ್ಯ ವಸ್ತುವಾದ ಕ್ಯಾಲ್ಸಿಯಂ ಕಾರ್ಬೋನೇಟ್ ಒಂದು ಮೋಲ್‌ನಷ್ಟು (ಸುಮಾರು 100 ಗ್ರಾಂ) ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಒಡೆಯಲು ಸುಮಾರು 178 ಕಿಲೋಜೌಲ್ ಶಾಖ ಬೇಕು. ಅನಿಲ ಹೊರಬರುವುದರಿಂದ ಎಂಟ್ರೊಪಿ (ಶಕ್ತಿ ಮತ್ತು ಕಣಗಳ ಚದುರುವಿಕೆಯ ಅಳತೆ) ಕೆಲ್ವಿನ್‌ಗೆ ಸುಮಾರು 160 ಜೌಲ್ ಹೆಚ್ಚುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1,110 ಕೆಲ್ವಿನ್, ಅಂದರೆ ಸುಮಾರು 840 ಡಿಗ್ರಿ ಸಿಗುತ್ತದೆ; ಕಲ್ಲಿನಿಂದ ಹೊಮ್ಮುವ ಅನಿಲದ ಒತ್ತಡ ವಾತಾವರಣದ ಪೂರ್ತಿ ಒತ್ತಡವನ್ನು ಮುಟ್ಟುವ ಉಷ್ಣತೆಯ ಅಂದಾಜು ಇದು. ಉಷ್ಣತೆಯೊಂದಿಗೆ ಈ ಬೆಲೆಗಳೂ ತುಸು ಬದಲಾಗುವುದರಿಂದ ನಿಜವಾದ ಅಂಕೆ 900ರ ಆಸುಪಾಸಿನಲ್ಲಿದೆ. 500 ಡಿಗ್ರಿಯಲ್ಲಿ ಕಲ್ಲಿನಿಂದ ಹೊಮ್ಮಬಲ್ಲ ಕಾರ್ಬನ್ ಡೈಆಕ್ಸೈಡ್‌ನ ಒತ್ತಡವು ಸಾಮಾನ್ಯ ಗಾಳಿಯಲ್ಲಿರುವ ಅದೇ ಅನಿಲದ ಒತ್ತಡಕ್ಕಿಂತ ಕಡಿಮೆಯಿರುವುದರಿಂದ, ಎಷ್ಟು ದಿನ ಕಾದರೂ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ (ಸುಟ್ಟ ಸುಣ್ಣವನ್ನು ಅಲ್ಲಿಟ್ಟರೆ ಅದೇ ಅನಿಲ ಹೀರಿ ಮರಳಿ ಕಲ್ಲಾಗತೊಡಗುತ್ತದೆ!). ಸುಣ್ಣ ಸುಡುವ ಗೂಡಿನ ಬುಡದಲ್ಲಿ ಬಿಡುವ ಗಾಳಿಕಂಡಿಯು ಬೆಂಕಿಗೆ ಉಸಿರು ಕೊಡುವುದರ ಜೊತೆಗೆ ಈ ಅನಿಲವನ್ನು ಹೊರಗೆ ಸಾಗಿಸುವ ಕೆಲಸವನ್ನೂ ಮಾಡುತ್ತದೆ.