ಲಿವರ್‌ಪೂಲ್‌ನಲ್ಲಿ ಆ ಪತ್ರಿಕೆಯನ್ನು ಯಾಕೆ ಯಾರೂ ಮುಟ್ಟುವುದಿಲ್ಲ?

ನಿಮ್ಮ ಪ್ರಶ್ನೆ ಓದಿದೆ. ಓದಲು ಲಿವರ್‌ಪೂಲ್‌ಗೆ ಹೊರಟಿದ್ದೀರಿ. ಆ ಊರಿನಲ್ಲಿ 'ದಿ ಸನ್' ಪತ್ರಿಕೆ ಕೈಯಲ್ಲಿ ಹಿಡಿದುಕೊಂಡರೆ ಜನ ದುರುಗುಟ್ಟಿಕೊಂಡು ನೋಡುತ್ತಾರಂತೆ, ಯಾವುದೋ ಹಳೇ ಫುಟ್‌ಬಾಲ್ ಮ್ಯಾಚಿನ ಸುದ್ದಿಗೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುವುದು ಅತಿಯಾಗಲಿಲ್ವಾ ಎಂದು ಕೇಳಿದ್ದೀರಿ.

ಅತಿಯಾಗಲಿಲ್ಲ. ನಾನು ಪುತ್ತೂರಿನವಳು, ನರ್ಸ್. 2015ರಿಂದ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬಂದಾಗ ನನಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಒಂದು ರಾತ್ರಿ ಪಾಳಿಯಲ್ಲಿ, ಬೇರೆ ಊರಿನಿಂದ ರೋಗಿಯನ್ನು ನೋಡಲು ಬಂದವರು ಯಾರೋ ಕುರ್ಚಿಯ ಮೇಲೆ ಆ ಪತ್ರಿಕೆ ಬಿಟ್ಟು ಹೋಗಿದ್ದರು. ನಮ್ಮ ವಾರ್ಡಿನ ಪೋರ್ಟರ್, ಐವತ್ತರ ಹತ್ತಿರದ ಮನುಷ್ಯ, ಜೋರಾಗಿ ಮಾತಾಡಿದ್ದನ್ನೂ ನಾನು ಕೇಳಿರಲಿಲ್ಲ. ಅವರು ಪತ್ರಿಕೆಯನ್ನು ಎರಡು ಬೆರಳಿನಲ್ಲಿ ಎತ್ತಿ, ಮುಖಪುಟ ಕೆಳಗೆ ಮಾಡಿ, ಕಸದ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿದರು. ಆಮೇಲೆ ಸಿಂಕಿನಲ್ಲಿ ಕೈ ತೊಳೆದುಕೊಂಡರು. ಯಾಕೆ ಎಂದು ಕೇಳಿದೆ. ಬೆಳಗಿನ ಜಾವ ಚಹಾ ಕುಡಿಯುವಾಗ ಹೇಳಿದರು. 1989ರಲ್ಲಿ ಅವರು ಅಲ್ಲಿದ್ದರು.

1989ರ ಏಪ್ರಿಲ್ 15. ಶೆಫೀಲ್ಡಿನ ಹಿಲ್ಸ್‌ಬರೋ ಸ್ಟೇಡಿಯಂ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್‌ಗಳ ನಡುವೆ ಎಫ್‌ಎ ಕಪ್ ಎಂಬ ಇಂಗ್ಲೆಂಡಿನ ಟೂರ್ನಿಯ ಸೆಮಿಫೈನಲ್, ಮಧ್ಯಾಹ್ನ 3 ಗಂಟೆಗೆ. ಲಿವರ್‌ಪೂಲ್ ಕಡೆಯವರಿಗೆ ಲೆಪಿಂಗ್ಸ್ ಲೇನ್ ಎಂಬ ತುದಿ ಕೊಟ್ಟಿದ್ದರು. ಅಲ್ಲಿ ನಿಂತು ನೋಡುವವರಿಗೆ ಮಾರಿದ್ದ ಟಿಕೆಟ್ 10,100. ಅಷ್ಟೂ ಜನ ಒಳಗೆ ಹೋಗಲು ಇದ್ದ ತಿರುಗು ಗೇಟುಗಳು 7. ಹೊರಗೆ ಜನ ಹೆಚ್ಚುತ್ತಾ ಹೋದರು, ಉಸಿರು ಕಟ್ಟುವ ಹಾಗಾಯಿತು. 2:52ಕ್ಕೆ ಪೊಲೀಸ್ ಮುಖ್ಯಸ್ಥರು 'ಸಿ' ಎಂಬ ದೊಡ್ಡ ಗೇಟು ತೆಗೆಯಲು ಹೇಳಿದರು. ಹೊರಗಿನ ಒತ್ತಡ ಇಳಿಸಲು ತೆಗೆದದ್ದು ಸರಿಯೇ. ಆದರೆ ಗೇಟಿನ ಎದುರಿಗೇ ಒಂದು ಸುರಂಗದಂಥ ದಾರಿ. ಅದು ನೇರ ನಡುವಿನ ಎರಡು ದೊಡ್ಡಿಗಳಿಗೆ ಹೋಗುತ್ತದೆ. ಅವು ಆಗಲೇ ತುಂಬಿ ತುಳುಕುತ್ತಿದ್ದವು. ಹಿಂದಿನ ವರ್ಷ ಇದೇ ಮೈದಾನದಲ್ಲಿ ಇದೇ ಎರಡು ತಂಡಗಳ ಮ್ಯಾಚ್ ನಡೆದಾಗ ದೊಡ್ಡಿ ತುಂಬಿದ ಮೇಲೆ ಪೊಲೀಸರು ಆ ದಾರಿ ಮುಚ್ಚಿದ್ದರು. ಈ ಸಲ ಯಾರೂ ಮುಚ್ಚಲಿಲ್ಲ. ಬಂದವರು ಎದುರಿಗೆ ಕಂಡ ದಾರಿ ಹಿಡಿದು ಒಳಗೆ ನಡೆದರು.

ದೊಡ್ಡಿ ಎಂದೆ ಅಲ್ವಾ, ಅದು ನನ್ನ ಮಾತಲ್ಲ. ಇಂಗ್ಲಿಷಿನಲ್ಲಿ ಅವುಗಳ ಹೆಸರೇ 'ಪೆನ್'. ಕುರಿ ದನ ಕೂಡುವ ಜಾಗಕ್ಕೂ ಅದೇ ಪದ. ಎರಡೂ ಪಕ್ಕ ಕಂಬಿ, ಮುಂದೆ ಮೈದಾನಕ್ಕೆ ಇಳಿಯದ ಹಾಗೆ ಎತ್ತರದ ಬೇಲಿ. ಆ ಕಾಲದಲ್ಲಿ ಇಂಗ್ಲೆಂಡಿನ ಹೆಚ್ಚಿನ ದೊಡ್ಡ ಮೈದಾನಗಳು ಹಾಗೇ ಇದ್ದವು. ಮ್ಯಾಚ್ ನೋಡಲು ಬರುವವನು ಗಲಾಟೆ ಮಾಡಲಿಕ್ಕೇ ಬಂದವನು ಎಂಬ ಲೆಕ್ಕದಲ್ಲಿ ಕಟ್ಟಿದವು.

ಆ ಲೆಕ್ಕಕ್ಕೆ ಕಾರಣ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. 1985ರಲ್ಲಿ ಬ್ರಸೆಲ್ಸಿನ ಹೈಸೆಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಅಭಿಮಾನಿಗಳೇ ಎದುರಾಳಿಗಳ ಕಡೆ ನುಗ್ಗಿ, ಗೋಡೆ ಕುಸಿದು 39 ಜನ ಸತ್ತರು. ಹೆಚ್ಚಿನವರು ಇಟಲಿಯವರು. 14 ಜನರಿಗೆ ಶಿಕ್ಷೆಯಾಯಿತು. ಇಂಗ್ಲೆಂಡಿನ ಕ್ಲಬ್‌ಗಳನ್ನು ಯುರೋಪಿನ ಟೂರ್ನಿಗಳಿಂದ ಐದು ವರ್ಷ ಹೊರಗಿಟ್ಟರು. ಇದನ್ನು ಇಲ್ಲಿನವರು ಮರೆತಿಲ್ಲ, ಮರೆಯಲೂ ಬಾರದು. ಆದರೆ ಅದರ ನೆರಳಿನಲ್ಲೇ ಮುಂದಿನ ಸುಳ್ಳು ಸಲೀಸಾಗಿ ನಂಬಿಕೆಯಾಯಿತು. ಬೆಂಕಿ ಇಲ್ಲದೆ ಹೊಗೆಯಾಡುತ್ತದಾ ಎಂದುಕೊಂಡರು ಜನ.

ಒಳಗೆ ಏನಾಯಿತು ಎಂಬುದನ್ನು ನರ್ಸ್ ಆಗಿ ಹೇಳುತ್ತೇನೆ. ನಮ್ಮಲ್ಲಿ ಇಂಥದ್ದಕ್ಕೆ 'ಕಾಲ್ತುಳಿತ' ಎನ್ನುತ್ತೇವೆ. ಆ ಪದ ಕೇಳಿದ ಕೂಡಲೇ ಕಣ್ಣಿಗೆ ಏನು ಕಟ್ಟುತ್ತದೆ? ಹುಚ್ಚೆದ್ದು ಓಡುವ ಜನ, ಕೆಳಗೆ ಬಿದ್ದವರನ್ನು ತುಳಿಯುವ ಜನ. ಹಿಲ್ಸ್‌ಬರೋದಲ್ಲಿ ಹೆಚ್ಚಿನವರು ಸತ್ತದ್ದು ಹಾಗಲ್ಲ. ನಾಲ್ಕೂ ಕಡೆಯಿಂದ ಒತ್ತಡ ಬಿದ್ದಾಗ ಎದೆಗೂಡು ಹಿಗ್ಗಲು ಆಗುವುದಿಲ್ಲ. ಹಿಗ್ಗದಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ. ನಿಂತಲ್ಲೇ ಉಸಿರು ನಿಲ್ಲುತ್ತದೆ. ಹಿಂದಿನ ಸಾಲಿನವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುವುದೂ ಇಲ್ಲ. "ನನ್ನ ಕಾಲು ನೆಲದ ಮೇಲೇ ಇರಲಿಲ್ಲ. ಕೈ ಮೇಲೆತ್ತಲೂ ಆಗಲಿಲ್ಲ. ಪಕ್ಕದಲ್ಲಿದ್ದ ಹುಡುಗನ ಮುಖ ನನ್ನ ಭುಜಕ್ಕೆ ಒತ್ತಿಕೊಂಡಿತ್ತು. ಅವನು ಮಾತು ನಿಲ್ಲಿಸಿದ್ದು ಗೊತ್ತಾಯಿತು" ಎಂದರು ಆ ಪೋರ್ಟರ್. ಆಗ ಅವರಿಗೆ 22 ವರ್ಷ.

ಮ್ಯಾಚ್ 3:06ಕ್ಕೆ ನಿಂತಿತು. ಬೇಲಿ ಹತ್ತಿ ಮೈದಾನಕ್ಕೆ ಇಳಿದವರನ್ನು ಪೊಲೀಸರು ಮೊದಲು ಗಲಾಟೆಯವರೆಂದೇ ತಿಳಿದರು. ಸ್ಟ್ರೆಚರ್ ಸಾಲದೆ ಅಭಿಮಾನಿಗಳೇ ಜಾಹೀರಾತಿನ ಹಲಗೆಗಳನ್ನು ಕಿತ್ತು, ಅದರ ಮೇಲೆ ಜನರನ್ನು ಮಲಗಿಸಿಕೊಂಡು ಓಡಿದರು. ಆ ದಿನ 94 ಜನ ಸತ್ತರು. ನಾಲ್ಕು ದಿನದ ಮೇಲೆ ಇನ್ನೊಬ್ಬ ಹುಡುಗ. 1993ರಲ್ಲಿ ಮತ್ತೊಬ್ಬರು. ಮಿದುಳಿಗೆ ಪೆಟ್ಟಾಗಿ ಬದುಕಿದ್ದ ಇನ್ನೊಬ್ಬರು 2021ರಲ್ಲಿ. ಒಟ್ಟು 97. ಎಲ್ಲರಿಗಿಂತ ಚಿಕ್ಕವನಿಗೆ 10 ವರ್ಷ.

ಇನ್ನು ಸುಳ್ಳಿನ ವಿಷಯ. ಜನ ಇನ್ನೂ ಸಾಯುತ್ತಿರುವಾಗಲೇ, ಅಂದಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಡಕೆನ್‌ಫೀಲ್ಡ್, ಅಭಿಮಾನಿಗಳೇ ಗೇಟು ನುಗ್ಗಿ ತೆರೆದರು ಎಂದು ಫುಟ್‌ಬಾಲ್ ಸಂಸ್ಥೆಯ ಅಧಿಕಾರಿಗೆ ಹೇಳಿದರು. ತೆಗೆಯಲು ಹೇಳಿದ್ದು ಅವರೇ. ಆ ಮಾತು ಸಂಜೆಯೊಳಗೆ ಪ್ರಪಂಚವೆಲ್ಲ ಸುತ್ತಿತು. ಅದು ಸುಳ್ಳು ಎಂದು ಅವರು ಬಾಯಿಬಿಟ್ಟು ಒಪ್ಪಿಕೊಂಡದ್ದು 2015ರಲ್ಲಿ.

ಪೋರ್ಟರ್ ಒಂದು ದಿನ ನನಗೆ ಅವರ ಟಿಕೆಟ್ ತೋರಿಸಿದರು. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದಾರೆ. ಬೆಲೆ 6 ಪೌಂಡ್. ಟಿಕೆಟ್ ಇಡಿಯಾಗಿದೆ, ತುದಿ ಹರಿದಿಲ್ಲ. ತಿರುಗು ಗೇಟಿನಲ್ಲಿ ಹೋಗಿದ್ದರೆ ಹರಿಯುತ್ತಿದ್ದರು. ಪೊಲೀಸರು ತೆಗೆದ ಗೇಟಿನಲ್ಲಿ ಹೋದದ್ದರಿಂದ ಯಾರೂ ಕೇಳಲೇ ಇಲ್ಲ. ಟಿಕೆಟ್ ಇಲ್ಲದ ಕುಡುಕರು ನುಗ್ಗಿದರು ಎಂದು ಯಾರಾದರೂ ಹೇಳಿದಾಗೆಲ್ಲ ಅವರು ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದರಂತೆ. ಸುಮ್ನೆ ಇಡುತ್ತಿದ್ದರು, ಅಷ್ಟೇ.

ನಾಲ್ಕನೇ ದಿನ, ಏಪ್ರಿಲ್ 19ರಂದು 'ದಿ ಸನ್' ಮುಖಪುಟದಲ್ಲಿ ಎರಡೇ ಪದದ ದಪ್ಪ ತಲೆಬರಹ ಹಾಕಿತು: 'ದಿ ಟ್ರೂತ್'. ಸತ್ಯ! ಕೆಳಗೆ ಮೂರು ಮಾತು. ಅಭಿಮಾನಿಗಳು ಸತ್ತವರ ಜೇಬು ಕತ್ತರಿಸಿದರು. ಪೊಲೀಸರ ಮೇಲೆ ಮೂತ್ರ ಮಾಡಿದರು. ಬಾಯಿಗೆ ಉಸಿರು ಕೊಡುತ್ತಿದ್ದ ಪೊಲೀಸನನ್ನು ಹೊಡೆದರು. ಮೂರೂ ಸುಳ್ಳು. ಶೆಫೀಲ್ಡಿನ ಒಂದು ಸುದ್ದಿ ಸಂಸ್ಥೆಗೆ ಕೆಲವು ಪೊಲೀಸರು ಮತ್ತು ಆಡಳಿತ ಪಕ್ಷದ ಸಂಸದ ಇರ್ವಿನ್ ಪ್ಯಾಟ್ನಿಕ್ ಹೇಳಿದ್ದನ್ನು ಪರೀಕ್ಷಿಸದೆ ಅಚ್ಚು ಹಾಕಿದ್ದರು. ಬೇರೆ ಪತ್ರಿಕೆಗಳೂ ಅದನ್ನೇ ಬರೆದವು. ಆದರೆ ಸತ್ಯ ಎಂದು ಹಣೆಪಟ್ಟಿ ಹಚ್ಚಿದ್ದು ಇದು, ಸಂಪಾದಕ ಕೆಲ್ವಿನ್ ಮೆಕೆಂಜಿ. ಮಕ್ಕಳ ಹೆಣ ಇನ್ನೂ ಮಣ್ಣಾಗಿರಲಿಲ್ಲ. ಹಲಗೆಯ ಮೇಲೆ ಹೆಣ ಹೊತ್ತವರನ್ನೇ ಹೆಣದ ಜೇಬು ಕತ್ತರಿಸುವವರು ಎಂದರು.

ಅವತ್ತಿನಿಂದ ಜನ ಆ ಪತ್ರಿಕೆ ಕೊಳ್ಳುವುದು ಬಿಟ್ಟರು. ಎಷ್ಟೋ ಅಂಗಡಿಯವರು ತರಿಸುವುದನ್ನೇ ನಿಲ್ಲಿಸಿದರು. ಇದು ಲಿವರ್‌ಪೂಲ್ ಕ್ಲಬ್ಬಿನವರ ಹಟ ಮಾತ್ರ ಎಂದುಕೊಳ್ಳಬೇಡಿ. ಊರಿನ ಇನ್ನೊಂದು ಕ್ಲಬ್ ಎವರ್ಟನ್. ಇಬ್ಬರೂ ಹುಟ್ಟಾ ಎದುರಾಳಿಗಳು, ಆದರೆ ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಇರುತ್ತಾರೆ. ದುರಂತವಾದ ವಾರ ಎರಡೂ ಮೈದಾನಗಳ ನಡುವೆ ಕೆಂಪು, ನೀಲಿ ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಸಾಲು ಕಟ್ಟಿದ್ದರು. 2017ರಲ್ಲಿ ಎರಡೂ ಕ್ಲಬ್‌ಗಳು ಆ ಪತ್ರಿಕೆಯ ವರದಿಗಾರರನ್ನು ಒಳಗೆ ಬಿಡುವುದಿಲ್ಲ ಎಂದವು.

ರಾಜಕೀಯ ಎಲ್ಲಿ ಬಂತು ಎಂದರೆ, ಅದು ಮೊದಲಿನಿಂದಲೂ ಇತ್ತು. ಪ್ರಧಾನಿ ಥ್ಯಾಚರ್ ಅವರ ಸರ್ಕಾರ ಆಗ ಪ್ರತಿ ಅಭಿಮಾನಿಗೂ ಗುರುತಿನ ಚೀಟಿ ಕಡ್ಡಾಯ ಮಾಡುವ ಮಸೂದೆ ಹಿಡಿದು ಕುಳಿತಿತ್ತು. ಲಿವರ್‌ಪೂಲ್ ನಗರಸಭೆಗೂ ಆ ಸರ್ಕಾರಕ್ಕೂ ವರ್ಷಗಳಿಂದ ಜಟಾಪಟಿ. ಇನ್ನು ಹಿಲ್ಸ್‌ಬರೋದಲ್ಲಿ ಕಾವಲಿಗಿದ್ದ ಇದೇ ಸೌತ್ ಯಾರ್ಕ್‌ಶೈರ್ ಪೊಲೀಸರು 1984ರಲ್ಲಿ ಆರ್‌ಗ್ರೀವ್ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಮೇಲೆ ಹಾಕಿದ್ದ ಕೇಸು ಕೋರ್ಟಿನಲ್ಲಿ ಬಿದ್ದುಹೋಗಿತ್ತು. ಆದರೂ ಯಾವ ಅಧಿಕಾರಿಗೂ ಏನೂ ಆಗಿರಲಿಲ್ಲ.

ದುರಂತದ ಬಗ್ಗೆ ಸರ್ಕಾರದ ಪರವಾಗಿ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು 1989ರ ಆಗಸ್ಟಿನಲ್ಲೇ, ಮುಖ್ಯ ಕಾರಣ ಪೊಲೀಸರ ನಿಯಂತ್ರಣ ತಪ್ಪಿದ್ದು ಎಂದು ಬರೆದಿದ್ದರು. ಗುರುತಿನ ಚೀಟಿಯನ್ನೂ ಅವರು ಒಪ್ಪಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಸಾವಿನ ವಿಚಾರಣೆ ಮಾಡುವ ಕರೋನರ್ ಸತ್ತವರೆಲ್ಲರ ರಕ್ತದಲ್ಲಿ ಮದ್ಯ ಇದೆಯೇ ಎಂದು ಪರೀಕ್ಷೆ ಮಾಡಿಸಿದರು. ಮಕ್ಕಳದ್ದೂ. 10 ವರ್ಷದ ಹುಡುಗನ ರಕ್ತದಲ್ಲಿ ಮದ್ಯ ಹುಡುಕಿದ್ದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. 3:15ರ ನಂತರ ನಡೆದದ್ದನ್ನು ನೋಡುವ ಅಗತ್ಯವಿಲ್ಲ, ಅಷ್ಟರೊಳಗೆ ಎಲ್ಲರಿಗೂ ಆಗಬೇಕಾದ್ದು ಆಗಿಹೋಗಿತ್ತು ಎಂದರು ಆ ಕರೋನರ್. ನಮ್ಮ ವೃತ್ತಿಯವರು ಯಾರೂ ಇದನ್ನು ಒಪ್ಪಲಾರರು. ಪ್ರಜ್ಞೆ ತಪ್ಪಿ ಇನ್ನೂ ಉಸಿರಾಡುತ್ತಿರುವವರನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿದರೂ, ಒಂದು ಆಮ್ಲಜನಕದ ಸಿಲಿಂಡರ್ ಬಂದರೂ ಎಷ್ಟೋ ಜೀವ ಉಳಿಯುತ್ತದೆ. 1991ರಲ್ಲಿ ತೀರ್ಪು ಬಂತು: ಆಕಸ್ಮಿಕ ಸಾವು.

ಮನೆಯವರು ಬಿಡಲಿಲ್ಲ. 15 ವರ್ಷದ ಮಗನನ್ನು ಕಳೆದುಕೊಂಡ ಆ್ಯನ್ ವಿಲಿಯಮ್ಸ್ ಎಂಬ ತಾಯಿ, ಮಗ 3:15ರ ನಂತರವೂ ಬದುಕಿದ್ದ ಎಂದು ಸಾಕ್ಷಿ ಹುಡುಕುತ್ತಾ 20 ವರ್ಷಕ್ಕೂ ಜಾಸ್ತಿ ಅಲೆದರು. 2009ರಲ್ಲಿ, 20ನೇ ವರ್ಷದ ಸ್ಮರಣೆಯಲ್ಲಿ, ಮಂತ್ರಿ ಆ್ಯಂಡಿ ಬರ್ನಮ್ ಲಿವರ್‌ಪೂಲ್ ಕ್ಲಬ್ಬಿನ ಮೈದಾನ ಆ್ಯನ್‌ಫೀಲ್ಡಿನಲ್ಲಿ ಮಾತಾಡಲು ನಿಂತಾಗ ಇಡೀ ಸ್ಟೇಡಿಯಂ 'ನ್ಯಾಯ ಬೇಕು' ಎಂದು ಕೂಗಿತು. ಅವರು ಮಾತು ನಿಲ್ಲಿಸಿ ಕೇಳಿಸಿಕೊಂಡರು. ಅಲ್ಲಿಂದ ಸ್ವತಂತ್ರ ಸಮಿತಿ ಬಂತು, ಸರ್ಕಾರದ ಕಡತಗಳು ಹೊರಬಂದವು. 2012ರ ಸೆಪ್ಟೆಂಬರ್ 12ರ ವರದಿ ಹೇಳಿದ್ದು ಇಷ್ಟು: ಪೊಲೀಸರ 164 ಹೇಳಿಕೆಗಳನ್ನು ಗಣನೀಯವಾಗಿ ತಿದ್ದಿದ್ದರು. ಅವುಗಳಲ್ಲಿ 116ರಿಂದ ಪೊಲೀಸರಿಗೆ ಮುಜುಗರವಾಗುವ ಮಾತು ತೆಗೆದುಹಾಕಿದ್ದರು. ಸರಿಯಾಗಿ ಚಿಕಿತ್ಸೆ ಸಿಕ್ಕಿದ್ದರೆ 41 ಜನ ಬದುಕುವ ಸಾಧ್ಯತೆ ಇತ್ತು. ಪ್ರಧಾನಿ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಪತ್ರಿಕೆಯೂ ಮುಖಪುಟದಲ್ಲಿ ಕ್ಷಮೆ ಕೇಳಿತು, 23 ವರ್ಷದ ನಂತರ. ಆ್ಯನ್ ವಿಲಿಯಮ್ಸ್ ಹೊಸ ವಿಚಾರಣೆ ಶುರುವಾಗುವ ಮೊದಲೇ ತೀರಿಕೊಂಡರು.

2016ರ ಏಪ್ರಿಲ್ 26. ನಾನು ಬೆಳಗಿನ ಪಾಳಿಯಲ್ಲಿದ್ದೆ. ಹೊಸ ವಿಚಾರಣೆಯ ಜ್ಯೂರಿ ಹೇಳಿತು: ಇದು ಕಾನೂನುಬಾಹಿರ ಕೊಲ್ಲುವಿಕೆ, ಅಭಿಮಾನಿಗಳ ತಪ್ಪು ಇಲ್ಲ. ಟಿವಿ ಮುಂದೆ ರೋಗಿಗಳು, ಡಾಕ್ಟರು, ಕಸ ಗುಡಿಸುವವರು ಎಲ್ಲರೂ ನಿಂತಿದ್ದರು. ಪೋರ್ಟರ್ ಒಂದು ಹಾಸಿಗೆಯ ಕಂಬಿ ಹಿಡಿದುಕೊಂಡು ಅಳುತ್ತಿದ್ದರು.

ನ್ಯಾಯ ಸಿಕ್ಕಿತು ಎಂದು ಹೇಳಲಾರೆ. 2019ರಲ್ಲಿ ಡಕೆನ್‌ಫೀಲ್ಡ್ ಖುಲಾಸೆಯಾದರು. 2021ರಲ್ಲಿ ಹೇಳಿಕೆ ತಿದ್ದಿದ ಆರೋಪದ ಕೇಸೂ ಬಿದ್ದುಹೋಯಿತು. ಟೇಲರ್ ವಿಚಾರಣೆ ಕಾನೂನಿನ ಪ್ರಕಾರ ನ್ಯಾಯಾಲಯದ ವಿಚಾರಣೆ ಅಲ್ಲ, ಹಾಗಾಗಿ ಅದಕ್ಕೆ ಕೊಟ್ಟ ಹೇಳಿಕೆ ತಿದ್ದಿದರೆ ಈ ಅಪರಾಧ ಆಗದು ಎಂದರು ನ್ಯಾಯಾಧೀಶರು. ಇದಕ್ಕೇ ಈಗ ಅಧಿಕಾರಿಗಳು ಸತ್ಯ ಹೇಳಲೇಬೇಕು ಎಂಬ 'ಹಿಲ್ಸ್‌ಬರೋ ಕಾನೂನು' ಕೇಳುತ್ತಿದ್ದಾರೆ. ಅದರ ಮಸೂದೆ 2025ರ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ಬಂತು.

ಇದೆಲ್ಲ ಹಳೇ ಕಥೆ ಎನ್ನುವವರಿಗೆ ಪ್ಯಾರಿಸ್ ನೆನಪಿಸುತ್ತೇನೆ. 2022ರ ಚಾಂಪಿಯನ್ಸ್ ಲೀಗ್ ಫೈನಲ್. ಗೇಟುಗಳ ಮುಂದೆ ಲಿವರ್‌ಪೂಲ್ ಜನ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡರು, ಪೊಲೀಸರು ಅಶ್ರುವಾಯು ಬಿಟ್ಟರು, ಮ್ಯಾಚ್ 36 ನಿಮಿಷ ತಡವಾಯಿತು. ಅಭಿಮಾನಿಗಳು ತಡವಾಗಿ ಬಂದರು ಎಂದು ಸ್ಟೇಡಿಯಂನ ಪರದೆಯ ಮೇಲೆ ಬಂತು. ಸಾವಿರಾರು ನಕಲಿ ಟಿಕೆಟ್ ಎಂದರು ಫ್ರಾನ್ಸಿನ ಗೃಹಮಂತ್ರಿ. ಟೂರ್ನಿ ನಡೆಸುವ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನೇಮಿಸಿದ ಸಮಿತಿಯೇ 2023ರಲ್ಲಿ ಮುಖ್ಯ ಹೊಣೆ ಯುಇಎಫ್‌ಎದ್ದು ಎಂದಿತು. ಅದೇ ಮಾತು, ಅದೇ ಅವಸರ. ವ್ಯತ್ಯಾಸ ಇಷ್ಟೇ, ಈ ಸಲ ಜನರ ಕೈಯಲ್ಲಿ ಫೋನ್ ಇತ್ತು, ವಿಡಿಯೋ ಇತ್ತು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತಾಗ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬಂದ ಮಾತು "ಈ ಜನಕ್ಕೆ ಬುದ್ಧಿ ಬೇಡ್ವಾ" ಎಂಬುದು. ಲಿವರ್‌ಪೂಲ್‌ಗೆ ಬರುವ ಮುಂಚೆ ನಾನೂ ಅದನ್ನೇ ಟೈಪ್ ಮಾಡುತ್ತಿದ್ದೆ. ಅವತ್ತು ನಾನು ಬರೆದದ್ದು ಬೇರೆ: ಗೇಟು ಎಷ್ಟಿದ್ದವು, ಯಾವುದು ತೆರೆದಿತ್ತು, ಯಾರು ತೆರೆದರು, ಮೊದಲು ಅದನ್ನು ಕೇಳೋಣ ಚಿಕ್ಕಪ್ಪ ಎಂದು.

ನೀವು ಬಂದ ಮೇಲೆ ಒಂದು ದಿನ ಆ್ಯನ್‌ಫೀಲ್ಡಿಗೆ ಹೋಗಿ. ಮ್ಯಾಚ್ ಇಲ್ಲದ ದಿನ ಹೋದರೆ ಒಳ್ಳೆಯದು, ಟಿಕೆಟ್ ಬೇಡ. ಮೇನ್ ಸ್ಟ್ಯಾಂಡ್ ಪಕ್ಕ ಸ್ಮಾರಕ ಇದೆ, ಆರದ ದೀಪ ಇದೆ. ಹೆಸರಿನ ಜೊತೆ ವಯಸ್ಸೂ ಕೆತ್ತಿದ್ದಾರೆ. ನಿಧಾನವಾಗಿ ಓದಿ. ಹೆಚ್ಚಿನವರು ನಿಮ್ಮ ವಯಸ್ಸಿನವರು. ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಪತ್ರಿಕೆ ಬೇಕೆನಿಸಿದರೆ 'ಲಿವರ್‌ಪೂಲ್ ಎಕೋ' ಕೇಳಿ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.