ಟಿ ಸ್ಕೋರ್ ಮೈನಸ್ 2.7 ಬಂದಿದೆ, ಆದರೆ ನೋವಿಲ್ಲ; ಔಷಧಿ ಶುರು ಮಾಡಲೇಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮಗೆ 60 ವರ್ಷ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಬೆನ್ನುಮೂಳೆಯ ಟಿ ಸ್ಕೋರ್ ಮೈನಸ್ 2.7, ಸೊಂಟದ ಕೀಲಿನದು ಮೈನಸ್ 1.9 ಎಂದು ಬಂದಿದೆ; ವೈದ್ಯರು ವಾರಕ್ಕೊಂದು ಮಾತ್ರೆ, ವರ್ಷಕ್ಕೊಂದು ಡ್ರಿಪ್, ಆರು ತಿಂಗಳಿಗೊಂದು ಚುಚ್ಚುಮದ್ದು ಎಂದು ಮೂರು ದಾರಿ ಹೇಳಿ ಯೋಚಿಸಿಕೊಂಡು ಬನ್ನಿ ಎಂದಿದ್ದಾರೆ; ಮನೆಯವರು ‘ಆ ಔಷಧಿಯಿಂದ ದವಡೆ ಕೊಳೆಯುತ್ತದಂತೆ, ರಾಗಿ, ಹಾಲು ಸಾಕು’ ಎನ್ನುತ್ತಿದ್ದಾರೆ. ಇಷ್ಟೆಲ್ಲ ವಿವರವಾಗಿ ಬರೆದು, ಮೂರು ವರ್ಷದ ಹಿಂದೆ ಬಚ್ಚಲಿನಲ್ಲಿ ಜಾರಿ ಮಣಿಕಟ್ಟು ಮುರಿದದ್ದನ್ನು ಲೆಕ್ಕಕ್ಕಿಲ್ಲದ ಮಾತೆಂಬಂತೆ ಕೊನೆಯ ಸಾಲಿನಲ್ಲಿ ಸೇರಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ತೂಕದ ಸಾಲು ಅದೇ. ಔಷಧಿ ಬೇಕೇ ಎಂಬುದಕ್ಕೆ ನನ್ನ ಉತ್ತರ ಬೇಕು ಎಂದೇ. ಯಾವುದು ಎಂಬುದನ್ನು ಮಾತ್ರ ನಿಧಾನವಾಗಿ ಯೋಚಿಸಿ ಆರಿಸಿಕೊಳ್ಳಬೇಕು.

ನಾನು ವೈದ್ಯೆಯಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಈಗ 66 ವರ್ಷ. 58ನೇ ವಯಸ್ಸಿನಲ್ಲಿ ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಪಾಚಿಯ ಮೇಲೆ ಕಾಲಿಟ್ಟು ಬಿದ್ದು, ಊರಿದ ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿದರು, ಬಿಚ್ಚಿದರು, ಕೈ ಸರಿಹೋಯಿತು. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಗಟ್ಟಿಯಾದ ಮೂಳೆ ಹಾಗೆ ಮುರಿಯುವುದಿಲ್ಲ, ಮುಟ್ಟು ನಿಂತ ಹೆಂಗಸಿಗೆ ಹೀಗಾದರೆ ಮೂಳೆಯ ಸಾಂದ್ರತೆ ನೋಡಿಸಬೇಕು ಎಂದು ಆ ಆರು ವಾರಗಳಲ್ಲಿ ಒಬ್ಬರೂ ನನಗೆ ಹೇಳಲಿಲ್ಲ. ಒಮ್ಮೆ ಹೀಗೆ ಮುರಿದವರಿಗೆ ಇನ್ನೊಂದು ಮೂಳೆ ಮುರಿಯುವ ಸಂಭವ, ಅದರಲ್ಲೂ ಮುಂದಿನ ಒಂದೆರಡು ವರ್ಷಗಳಲ್ಲಿ, ಉಳಿದವರಿಗಿಂತ ಹೆಚ್ಚು ಎಂಬುದು ನನಗೆ ತಿಳಿದದ್ದು ಮೂರು ವರ್ಷ ತಡವಾಗಿ. ನಿಮಗೂ ಹಾಗೆಯೇ ಆಗಿರುವುದನ್ನು ಓದಿ ಸಂಕಟವಾಯಿತು.

ನೋವಿಲ್ಲ ಎಂಬುದರ ಬಗ್ಗೆ ಒಂದು ಮಾತು. ನಮ್ಮಲ್ಲಿ ‘ಮೂಳೆ ಸವೆತ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳನ್ನು ಕಟ್ಟಿಹಾಕಿದ್ದೇವೆ. ಮಂಡಿಯ ಮೃದ್ವಸ್ಥಿ ಸವೆದು ಮೆಟ್ಟಿಲು ಹತ್ತುವಾಗ ನೋಯುವುದು ಒಂದು. ಮೂಳೆ ಒಳಗೊಳಗೇ ತೆಳುವಾಗಿ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇನ್ನೊಂದು. ಮೊದಲನೆಯದು ನೋಯುತ್ತದೆ. ಎರಡನೆಯದು ಮುರಿಯುವವರೆಗೆ ನೋಯುವುದೇ ಇಲ್ಲ, ಮುರಿದಾಗಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಬೆನ್ನುಮೂಳೆಯ ಮಣಿಗಳು ಕುಸಿದ ಪ್ರಕರಣಗಳಲ್ಲಿ ಮೂರರಲ್ಲಿ ಎರಡರಷ್ಟು ವೈದ್ಯರ ಗಮನಕ್ಕೇ ಬರುವುದಿಲ್ಲ. ನನ್ನ ಅಮ್ಮನ ಸೀರೆಯ ನೆರಿಗೆ ಅವರ ಕೊನೆಯ ಹತ್ತು ವರ್ಷ ನೆಲ ಗುಡಿಸುತ್ತಿತ್ತು. ‘ಈ ಸೀರೆ ಯಾಕೋ ಉದ್ದ ಬಂತು’ ಎಂದು ಪ್ರತಿ ಸೀರೆಗೂ ಹೇಳುತ್ತ ಸೊಂಟದ ಹತ್ತಿರ ಇನ್ನೊಂದು ಮಡಿಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೊದಲು ಸಲೀಸಾಗಿ ಇಳಿಸುತ್ತಿದ್ದ ಉಪ್ಪಿನಕಾಯಿ ಜಾಡಿಗೆ ಆಮೇಲೆ ಕೈ ಎಟುಕಲಿಲ್ಲ. ಸೀರೆ ಉದ್ದವಾಗಲಿಲ್ಲ, ಅಮ್ಮ ಗಿಡ್ಡವಾಗುತ್ತಿದ್ದರು ಎಂದು ಮನೆಯಲ್ಲಿ ಐದು ಜನ ಓದಿದವರಿದ್ದರೂ ಯಾರಿಗೂ ಹೊಳೆಯಲಿಲ್ಲ. 74ನೇ ವಯಸ್ಸಿನಲ್ಲಿ ಸೊಂಟದ ಕೀಲು ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ವಾಕರ್ ಇಲ್ಲದೆ ನಡೆಯಲಿಲ್ಲ. ಆದ್ದರಿಂದ ನೀವು ಹರೆಯದಲ್ಲಿದ್ದ ಎತ್ತರಕ್ಕಿಂತ ಸುಮಾರು 4 ಸೆಂ.ಮೀ. ಕಡಿಮೆಯಾಗಿದ್ದರೆ, ಬೆನ್ನು ಬಾಗಿದ್ದರೆ, ಬೆನ್ನುಮೂಳೆಯನ್ನು ಪಕ್ಕದಿಂದ ತೆಗೆದ ಒಂದು ಎಕ್ಸ್‌ರೇ ಬೇಕೆಂದು ನೀವಾಗಿಯೇ ಕೇಳಿ. ಒಂದು ಮಣಿ ಕುಸಿದಿರುವುದು ಕಂಡರೂ ಚಿಕಿತ್ಸೆಯ ಆಯ್ಕೆಯೇ ಬದಲಾಗುತ್ತದೆ.

ಇನ್ನು ವರದಿ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 1994ರಲ್ಲಿ ಹಾಕಿದ ಗೆರೆಯೇ ಇಂದಿಗೂ ಬಳಕೆಯಲ್ಲಿದೆ: ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿ ಹೇಳುವ ಈ ಟಿ ಸ್ಕೋರ್ ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ, ಎಂದರೆ ಸಾಂದ್ರತೆ ತುಸು ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಎರಡು ಕಡೆ ಅಳೆದಾಗ ಯಾವುದು ಹೆಚ್ಚು ಕೆಳಗಿದೆಯೋ ಅದನ್ನೇ ಹಿಡಿಯಬೇಕು. ಸೊಂಟ ಪರವಾಗಿಲ್ಲ ಎಂದು ಬೆನ್ನನ್ನು ಮರೆಯುವಂತಿಲ್ಲ. ವಯಸ್ಸಾದಂತೆ ಬೆನ್ನುಮೂಳೆಯ ಅಂಚುಗಳಲ್ಲಿ ಬೆಳೆಯುವ ಮುಳ್ಳುಗಳು ಅಲ್ಲಿಯ ಅಂಕಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುವುದುಂಟು. ನನ್ನ ವರದಿಯಲ್ಲಿ ಹಾಗೆಯೇ ಆಗಿ ಬೆನ್ನು ಮೈನಸ್ 2.3 ತೋರಿಸಿತು, ತೊಡೆಮೂಳೆಯ ಕತ್ತು ಮೈನಸ್ 2.7 ಇತ್ತು. ನಿಮ್ಮ ವೈದ್ಯರು ಫ್ರಾಕ್ಸ್ ಲೆಕ್ಕವನ್ನೂ ಮಾಡಬಹುದು. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ಈ ಲೆಕ್ಕ ಮುಂದಿನ ಹತ್ತು ವರ್ಷಗಳಲ್ಲಿ ಮೂಳೆ ಮುರಿಯುವ ಸಂಭವವನ್ನು ಶೇಕಡಾವಾರು ಹೇಳುತ್ತದೆ, ಭಾರತಕ್ಕೆ ಬೇರೆಯೇ ಮಾದರಿಯಿದೆ. ಆದರೆ ಅದು ತೆಗೆದುಕೊಳ್ಳುವುದು ಸೊಂಟದ ಅಂಕಿಯನ್ನು ಮಾತ್ರ. ನಿಮ್ಮ ಹಾಗೆ ಬೆನ್ನು ಹೆಚ್ಚು ದುರ್ಬಲವಾಗಿರುವವರಿಗೆ ಅಪಾಯವನ್ನು ಕಡಿಮೆ ಹೇಳುವ ಸಾಧ್ಯತೆಯಿದೆ ಎಂಬುದು ನೆನಪಿರಲಿ.

ನಿಮ್ಮ ಓರಗೆಯ ಗೆಳತಿಯರಿಗೆ ಹೇಳಲು ಇನ್ನೊಂದು ವಿಷಯ. ಉಚಿತ ಶಿಬಿರಗಳಲ್ಲಿ ಪಾದವನ್ನು ಒಂದು ಪೆಟ್ಟಿಗೆಯೊಳಗೆ ಇಡಿಸಿ ಹಿಮ್ಮಡಿಯ ಅಲ್ಟ್ರಾಸೌಂಡ್ ಮಾಡಿ ಚೀಟಿ ಕೊಡುತ್ತಾರಲ್ಲ, ಅದು ಡೆಕ್ಸಾ ಅಲ್ಲ. ಅದರ ಮೇಲೆ ಕಾಯಿಲೆ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಬಾರದು, ಔಷಧಿ ಕೆಲಸ ಮಾಡುತ್ತಿದೆಯೇ ಎಂದು ಅಳೆಯಲೂಬಾರದು. ನನ್ನ ಕೈ ಮುರಿದ ಎರಡು ವರ್ಷಕ್ಕೆ ಅಂಥ ಶಿಬಿರದಲ್ಲಿ ‘ನಿಮ್ಮದು ಚೆನ್ನಾಗಿದೆ’ ಎಂದು ಚೀಟಿ ಸಿಕ್ಕಿ ನಾನು ಇನ್ನೂ ಒಂದು ವರ್ಷ ನೆಮ್ಮದಿಯಾಗಿ ಕಳೆದುಕೊಂಡೆ.

ಔಷಧಿ ಶುರುವಾಗುವ ಮೊದಲು ರಕ್ತ ಪರೀಕ್ಷೆ ಆಗಲೇಬೇಕು: ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ವಿಟಮಿನ್ ಡಿ, ಥೈರಾಯ್ಡ್, ಅಗತ್ಯವಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನ್. ಉಬ್ಬಸಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದರೆ, ಕೇಳದಿದ್ದರೂ ಹೇಳಿ. ವಿಟಮಿನ್ ಡಿ ಕಡಿಮೆಯಿದ್ದವರಿಗೆ 60,000 ಯೂನಿಟ್ಟಿನ ಪುಡಿಯನ್ನೋ ಮಾತ್ರೆಯನ್ನೋ ಕೆಲವು ವಾರ ಕೊಡುತ್ತಾರೆ. ಎಷ್ಟು ವಾರ ಎಂದು ಬರೆಸಿಕೊಳ್ಳಿ, ಅದನ್ನು ವರ್ಷಗಟ್ಟಲೆ ವಾರವಾರ ನುಂಗುವುದು ಅಪಾಯ.

ರಾಗಿ, ಹಾಲು ಸಾಕೇ? ರಾಗಿ ಒಳ್ಳೆಯದೇ, 100 ಗ್ರಾಮಿನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿದ ರಾಗಿಯದು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿ.ಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ; ಮುದ್ದೆ, ಮೊಸರು, ಹಾಲು, ಎಳ್ಳು, ಸೊಪ್ಪುಗಳಿಂದ ಬಹುಪಾಲು ತುಂಬಿಸಿ, ಕಡಿಮೆ ಬಿದ್ದಷ್ಟಕ್ಕೆ ಮಾತ್ರೆ ತೆಗೆದುಕೊಳ್ಳಬಹುದು. ಆದರೆ ಈಸ್ಟ್ರೋಜೆನ್ ಇಳಿದ ಮೇಲೆ ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು ಹೊಸ ಮೂಳೆ ಕಟ್ಟುವ ಕೋಶಗಳಿಗಿಂತ ವೇಗವಾಗಿ ಕೆಲಸ ಮಾಡುತ್ತಿರುತ್ತವೆ, ಆ ವೇಗವನ್ನು ರಾಗಿಯಾಗಲಿ ಹಾಲಾಗಲಿ ತಗ್ಗಿಸಲಾರವು. ಈಗಾಗಲೇ ಒಂದು ಮೂಳೆ ಮುರಿದುಕೊಂಡವರಿಗೆ ಆಹಾರ ಔಷಧಿಯ ಜೊತೆಗೆ ಇರಬೇಕಾದದ್ದು, ಅದರ ಬದಲಿಗೆ ಅಲ್ಲ.

ನಾನು ಶುರು ಮಾಡಿದ್ದು ವಾರಕ್ಕೊಂದು ಮಾತ್ರೆಯಿಂದ, ಅಲೆಂಡ್ರೊನೇಟ್ 70 ಮಿ.ಗ್ರಾಂ. ಇದು ಅಗ್ಗ, ಹಳೆಯದು, ಚೆನ್ನಾಗಿ ಪರೀಕ್ಷೆಗೊಳಪಟ್ಟದ್ದು. ಆದರೆ ನಿಯಮ ಬಿಗಿ: ಬೆಳಿಗ್ಗೆ ಎದ್ದೊಡನೆ ಬರಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರಿಯ ನೀರಿನ ಜೊತೆ ನುಂಗಬೇಕು, ಮುಂದಿನ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು, ಕುಡಿಯಬಾರದು. ನನಗೆ ಔಷಧಿ ಅಂಗಡಿಯಲ್ಲಿ ಪಟ್ಟಿ ಕೊಟ್ಟರೇ ಹೊರತು ಈ ವಿವರ ಯಾರೂ ಹೇಳಿರಲಿಲ್ಲವಾಗಿ, ಮೊದಲ ಎರಡು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಡಿಕಾಕ್ಷನ್ ಕಾಫಿಯ ಜೊತೆಯಲ್ಲೇ ನುಂಗಿದೆ. ಮೊದಲೇ ಈ ಔಷಧಿಯಲ್ಲಿ ಮೈಗೆ ಹತ್ತುವುದು ನೂರರಲ್ಲಿ ಒಂದು ಪಾಲಿಗೂ ಕಡಿಮೆ; ಕಾಫಿಯ ಜೊತೆಯಾದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ವ್ಯರ್ಥವಾಗುತ್ತದೆ. ತಿಳಿದ ಮೇಲೆ ಸರಿಯಾಗಿಯೇ ತೆಗೆದುಕೊಂಡೆ. ಒಳಗೆ ಹಾಲು ಉಕ್ಕುವ, ಕಾಫಿ ಬೆರೆಸುವ ವಾಸನೆ ಬರುತ್ತಿದ್ದರೂ ಗಡಿಯಾರ ನೋಡುತ್ತ ಜಗಲಿಯ ಮೇಲೆ ನೆಟ್ಟಗೆ ಕುಳಿತಿರುತ್ತಿದ್ದೆ. ಆದರೂ ಹತ್ತನೆಯ ತಿಂಗಳ ಹೊತ್ತಿಗೆ ಎದೆಯುರಿ ಹೆಚ್ಚಾಗಿ, ನುಂಗುವಾಗ ಅನ್ನನಾಳದಲ್ಲಿ ನೋವು ಬಂದು, ವೈದ್ಯರೇ ನಿಲ್ಲಿಸಿದರು. ನಿಮಗೆ ಈಗಾಗಲೇ ಎದೆಯುರಿ, ಹುಳಿತೇಗು ಇದ್ದರೆ, ಅಥವಾ ಬೆಳಗಿನ ಆ ಅರ್ಧ ಗಂಟೆ ನಿಮ್ಮ ಮನೆಯಲ್ಲಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಈ ದಾರಿ ನಿಮ್ಮದಲ್ಲ.

ಆಮೇಲೆ ನನಗೆ ಕೊಟ್ಟದ್ದು ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಮ್ಲ 5 ಮಿ.ಗ್ರಾಂ, ಡ್ರಿಪ್ ಮೂಲಕ. ಇದರ ಬಗ್ಗೆ 2007ರಲ್ಲಿ ಪ್ರಕಟವಾದ ಹೊರೈಜನ್ ಎಂಬ ದೊಡ್ಡ ಅಧ್ಯಯನದಲ್ಲಿ ಮೂರು ವರ್ಷಗಳ ಅವಧಿಗೆ ಬೆನ್ನುಮೂಳೆಯ ಮಣಿ ಹೊಸದಾಗಿ ಕುಸಿದದ್ದು ಔಷಧಿಯಿಲ್ಲದ ಗುಂಪಿನಲ್ಲಿ ಶೇ. 10.9 ಮಹಿಳೆಯರಿಗೆ, ಔಷಧಿ ಪಡೆದವರಲ್ಲಿ ಶೇ. 3.3ಕ್ಕೆ, ಸೊಂಟದ ಕೀಲು ಮುರಿದದ್ದು ಶೇ. 2.5ಕ್ಕೆ ಪ್ರತಿಯಾಗಿ ಶೇ. 1.4ಕ್ಕೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಇದನ್ನು ಕೊಡುವುದಿಲ್ಲ, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಯಾಗುವವರೆಗೆ ಕಾಯಿಸುತ್ತಾರೆ. ಮೊದಲ ಸಲ ಡ್ರಿಪ್ ಆದ ರಾತ್ರಿಯೇ ನನಗೆ ಚಳಿಜ್ವರ, ಮೈಕೈ ನೋವು. ಪ್ಯಾರಾಸಿಟಮಾಲ್, ನೀರು, ಎರಡು ದಿನದ ವಿಶ್ರಾಂತಿಯಲ್ಲಿ ಹೋಯಿತು. ಎರಡನೆಯ, ಮೂರನೆಯ ವರ್ಷ ಅಷ್ಟು ಬಾಧಿಸಲಿಲ್ಲ.

ದವಡೆಯ ಭಯ ಸುಳ್ಳಲ್ಲ, ಆದರೆ ಅದರ ಅಳತೆ ಗೊತ್ತಿರಬೇಕು. ಆಸ್ಟಿಯೋಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ಇದು ವರ್ಷಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷ ಮಂದಿಯಲ್ಲಿ ಒಬ್ಬರಿಗೆ ಆಗುವಂಥದ್ದು ಎಂಬ ಅಂದಾಜಿದೆ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇದೇ ಔಷಧಿಯನ್ನು ತಿಂಗಳು ತಿಂಗಳು ಕೊಡುವಾಗ ಅಪಾಯ ಬಹಳ ಹೆಚ್ಚು, ಜನ ಹೇಳುವ ಕಥೆಗಳಲ್ಲಿ ಈ ಎರಡೂ ಕಲಸಿಹೋಗಿವೆ. ನೀವು ಮಾಡಬೇಕಾದದ್ದು ಇಷ್ಟೇ: ಕೀಳಿಸಬೇಕಾದ ಹಲ್ಲಿದ್ದರೆ ಔಷಧಿಗೆ ಮೊದಲೇ ಕೀಳಿಸಿ, ಹುಣ್ಣು ಮಾಯ್ದ ಮೇಲೆ ಶುರು ಮಾಡಿ. ಹಲವು ವರ್ಷ ತೆಗೆದುಕೊಂಡವರಿಗೆ ಅಪರೂಪಕ್ಕೆ ತೊಡೆಮೂಳೆಯ ನಡುಭಾಗ ಬಿರುಕು ಬಿಡುವುದುಂಟು. ತೊಡೆಯಲ್ಲೋ ತೊಡೆಸಂದಿಯಲ್ಲೋ ಬಿಡದ ನೋವು ಬಂದರೆ ವೈದ್ಯರಿಗೆ ತಿಳಿಸಿ. ಇದೇ ಕಾರಣಕ್ಕೆ ಮಾತ್ರೆಯಾದರೆ ಐದು ವರ್ಷ, ಡ್ರಿಪ್ಪಾದರೆ ಮೂರು ವರ್ಷದ ನಂತರ ಮತ್ತೆ ಅಳೆದು, ಅಪಾಯ ತಗ್ಗಿದ್ದರೆ ಬಿಡುವು ಕೊಡುತ್ತಾರೆ. ನನ್ನದು ಮೈನಸ್ 2.4ಕ್ಕೆ ಏರಿ, ಹೊಸದಾಗಿ ಏನೂ ಮುರಿಯದೆ ಇದ್ದುದರಿಂದ ಈಗ ಬಿಡುವಿನಲ್ಲಿದ್ದೇನೆ.

ಆರು ತಿಂಗಳಿಗೊಮ್ಮೆಯ ಚುಚ್ಚುಮದ್ದು ಡೆನೋಸುಮ್ಯಾಬ್ ಬಗ್ಗೆ ನಾನು ತುಸು ಕಟುವಾಗಿಯೇ ಹೇಳುತ್ತೇನೆ. ಔಷಧಿ ಒಳ್ಳೆಯದು, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಎಷ್ಟೋ ಸಲ ಅದೇ ಸರಿಯಾದ ಆಯ್ಕೆ. ಆದರೆ ಜೊಲೆಡ್ರೊನಿಕ್ ಆಮ್ಲದ ಹಾಗೆ ಇದು ಮೂಳೆಯಲ್ಲಿ ಉಳಿಯುವುದಿಲ್ಲ. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಕರಗತೊಡಗಿ, ಬೆನ್ನಿನ ಮಣಿಗಳು ಒಂದರ ಹಿಂದೊಂದು ಕುಸಿಯಬಹುದು. ನನ್ನ ಓರಗಿತ್ತಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದರು, ಹೋಗುವ ಮುಂಚೆ ಚುಚ್ಚುಮದ್ದು ಆಗಿತ್ತು. ಮುಂದಿನದು ಆರನೆಯ ತಿಂಗಳಿಗೆ ಬರಬೇಕಿತ್ತು, ಅಲ್ಲಿ ವಾಸ ಮುಂದುವರಿಯಿತು, ಅಲ್ಲಿಯ ವಿಮೆಯಲ್ಲಿ ಬರುವುದಿಲ್ಲವೆಂದು ಊರಿಗೆ ಬಂದು ತೆಗೆದುಕೊಂಡರಾಯಿತು ಎಂದುಕೊಂಡರು. ಹತ್ತನೆಯ ತಿಂಗಳಲ್ಲಿ ಮೊಮ್ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ ಬೆನ್ನಿನ ಎರಡು ಮಣಿ ಕುಸಿದವು. ಹೀಗೆ ತಡಮಾಡಬಾರದು, ನಿಲ್ಲಿಸುವುದಾದರೆ ಬೇರೊಂದು ಔಷಧಿಗೆ ದಾಟಿಯೇ ನಿಲ್ಲಿಸಬೇಕು ಎಂದು ಅವರಿಗೆ ಚುಚ್ಚುವವರು ಮೊದಲೇ ಹೇಳಬೇಕಿತ್ತು. ಇದನ್ನು ಆರಿಸುವುದಾದರೆ ನಿಲ್ಲಿಸುವ ದಿನ ಏನು ಮಾಡುತ್ತೀರಿ ಎಂದು ಮೊದಲ ದಿನವೇ ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

ಎಕ್ಸ್‌ರೇಯಲ್ಲಿ ಮಣಿ ಕುಸಿದಿರುವುದು ಕಂಡರೆ ಹೊಸ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಮಾತು ಬರಬಹುದು. ಅದು ದಿನವೂ ಚುಚ್ಚಿಕೊಳ್ಳಬೇಕಾದ, ಹೆಚ್ಚೆಂದರೆ ಎರಡು ವರ್ಷದ, ಖರ್ಚಿನ ಚಿಕಿತ್ಸೆ. ಮುಗಿದ ಮೇಲೆ ಮೇಲಿನ ಔಷಧಿಗಳಲ್ಲೊಂದು ಬೇಕೇ ಬೇಕು.

ಹೊಟ್ಟೆಯ ತೊಂದರೆ ಇಲ್ಲದಿದ್ದರೆ ಮಾತ್ರೆ, ಇದ್ದರೆ ಅಥವಾ ಪ್ರತಿ ವಾರ ನೆನಪಿಡುವುದು ಕಷ್ಟವೆನಿಸಿದರೆ ಡ್ರಿಪ್ ಎಂದು ನಾನು ನಿಮ್ಮ ಜಾಗದಲ್ಲಿದ್ದರೆ ಆರಿಸುತ್ತಿದ್ದೆ. ಯೋಗ ತರಗತಿಗೆ ಹೋಗುವುದಾದರೆ ಪಾದಹಸ್ತಾಸನ, ಪಶ್ಚಿಮೋತ್ತಾನಾಸನ, ಹಲಾಸನಗಳಂತೆ ಬೆನ್ನನ್ನು ಮುಂದಕ್ಕೆ ಬಗ್ಗಿಸುವವನ್ನು ಬಿಡಿ, ನಡಿಗೆಯನ್ನೂ ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸವನ್ನೂ ಬಿಡಬೇಡಿ, ಬಚ್ಚಲಿನ ಗೋಡೆಗೆ ಒಂದು ಹಿಡಿ ಹಾಕಿಸಿ. ಮುಂದಿನ ಡೆಕ್ಸಾವನ್ನು ಒಂದೆರಡು ವರ್ಷ ಬಿಟ್ಟು, ಸಾಧ್ಯವಾದಷ್ಟೂ ಇದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಅಂಕಿಗಳನ್ನು ಹೋಲಿಸಲಾಗುವುದಿಲ್ಲ. ನಡುವೆ ಎತ್ತರವನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ನಮ್ಮ ಮನೆಯಲ್ಲಿ ಮಕ್ಕಳು ಬೆಳೆದಂತೆ ಗುರುತು ಹಾಕುತ್ತಿದ್ದ ಬಾಗಿಲ ಚೌಕಟ್ಟಿನಲ್ಲೇ ಈಗ ಪ್ರತಿ ಯುಗಾದಿಗೆ ನನ್ನ ಮಗ ನನ್ನ ತಲೆಯ ಮೇಲೆ ಅಳತೆಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾನೆ. ಐದು ವರ್ಷದ ಗೆರೆಗಳೂ 153 ಸೆಂ.ಮೀ.ನಲ್ಲೇ ಒಂದರ ಮೇಲೊಂದು ಬಿದ್ದಿವೆ.