ಹವಾಮಾನ ಕೆಟ್ಟಾಗ ಗಿರೋ, ಟೂರ್ ಸೈಕಲ್ ರೇಸ್‌ಗಳಲ್ಲಿ ಪರ್ವತದ ಸ್ಟೇಜ್ ಮೊಟಕು ಮಾಡುವುದು ಯಾಕೆ? ತೀರ್ಮಾನ ಯಾರದ್ದು?

ನಿಮ್ಮ ಪ್ರಶ್ನೆ: "1988ರಲ್ಲಿ ಗಾವಿಯಾ ಮೇಲೆ ಹಿಮ ಸುರಿಯುತ್ತಿದ್ದರೂ ಗಿರೋ ನಡೆಸಿದರು. ಈಗ ಮಳೆ ಬಂದರೆ ಸಾಕು, ಸ್ಟೇಜ್ ಅರ್ಧಕ್ಕೆ ಇಳಿಸುತ್ತಾರೆ. ಸವಾರರು ಮೆತ್ತಗಾದರೇ? ಇದನ್ನೆಲ್ಲ ಯಾರು ನಿರ್ಧರಿಸುತ್ತಾರೆ?"

ಗಿರೋ ಇಟಲಿಯ, ಟೂರ್ ಫ್ರಾನ್ಸಿನ ಮೂರು ವಾರದ ಸೈಕಲ್ ರೇಸ್. ಒಂದೊಂದು ದಿನದ ಓಟ ಒಂದೊಂದು ಸ್ಟೇಜ್. ಗಾವಿಯಾ ಇಟಲಿಯ ಎತ್ತರದ ಘಾಟಿ. ಮೊದಲು ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳೋಣ. ಚಳಿಯಲ್ಲಿ ಬೆಟ್ಟ ಹತ್ತುವಾಗ ಅಪಾಯ ಕಡಿಮೆ. ದೊಡ್ಡ ಅಪಾಯವಿರುವುದು ಇಳಿಯುವಾಗ. ಸ್ಟೇಜ್ ಮೊಟಕು ಮಾಡಿದ್ದು ಸರಿಯೋ ತಪ್ಪೋ ಎಂದು ತೂಗಿ ನೋಡಲು ನಾನು ಕೇಳುವ ಮೊದಲ ಪ್ರಶ್ನೆಯೂ ಅದೇ: ಎತ್ತರದ ಘಾಟಿಯ ಉದ್ದನೆಯ ಇಳಿತವನ್ನು ತೆಗೆದರೋ, ಇಲ್ಲವೋ?

ಲೆಕ್ಕ ಹೀಗಿದೆ. ಹತ್ತುವಾಗ ಒಳ್ಳೆಯ ಸವಾರ ಪೆಡಲಿಗೆ 350ರಿಂದ 400 ವಾಟ್ ಶಕ್ತಿ ಹಾಕುತ್ತಾನೆ. ದೇಹ ಸುಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಸುಮಾರು ಕಾಲು ಭಾಗ ಮಾತ್ರ, ಉಳಿದದ್ದು ಶಾಖ. ಅಂದರೆ ಸಾವಿರ ವಾಟ್‌ಗೂ ಹೆಚ್ಚು ಶಾಖ ಒಳಗೇ ಹುಟ್ಟುತ್ತಿರುತ್ತದೆ. ವೇಗವೋ ಗಂಟೆಗೆ 15ರಿಂದ 20 ಕಿ.ಮೀ., ಗಾಳಿ ಅಷ್ಟಾಗಿ ತಾಗುವುದಿಲ್ಲ. ಹಿಮ ಬೀಳುತ್ತಿದ್ದರೂ ಬೆವರುತ್ತಾರೆ. ನೆತ್ತಿ ದಾಟಿದ ಕೂಡಲೇ ಪೆಡಲ್ ತುಳಿಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಒಳಗಿನ ಒಲೆ ಆರುತ್ತದೆ, ವೇಗ 60ಕ್ಕೆ ಏರುತ್ತದೆ. ಮೈಮೇಲಿನ ಬಟ್ಟೆ ಆಗಲೇ ಬೆವರಿನಿಂದಲೂ ಮಳೆಯಿಂದಲೂ ತೊಪ್ಪೆಯಾಗಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ.

ಒಂದು ಉದಾಹರಣೆ. ಬೋರ್ಮಿಯೊ ಪಟ್ಟಣ 1,225 ಮೀಟರ್ ಎತ್ತರದಲ್ಲಿದೆ, ಅದರ ಮೇಲಿನ ಗಾವಿಯಾ ಘಾಟಿ 2,618 ಮೀಟರ್. ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ತಾಪಮಾನ ಇಳಿಯುತ್ತದೆ. ಕೆಳಗೆ 11 ಡಿಗ್ರಿ ಇದ್ದರೆ ಮೇಲೆ 2 ಡಿಗ್ರಿ. ಆ 2 ಡಿಗ್ರಿಯಲ್ಲಿ 60 ಕಿ.ಮೀ. ವೇಗದಲ್ಲಿ ಇಳಿದರೆ ಚರ್ಮಕ್ಕೆ ತಾಗುವ ಚಳಿ ಮೈನಸ್ 6ರ ಲೆಕ್ಕಕ್ಕೆ ಬರುತ್ತದೆ. ಇದು ಒಣ ಚರ್ಮದ ಸೂತ್ರ, ಒದ್ದೆ ಮೈಗೆ ಇನ್ನೂ ಕೆಟ್ಟದು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಕೈಗವಸಿಲ್ಲದೆ ಬೈಕ್ ಇಳಿಸಿದವರಿಗೆ ಬೆರಳು ಮರಗಟ್ಟುವುದು ಎಂದರೇನೆಂದು ಗೊತ್ತು. ಅದು 20 ಡಿಗ್ರಿಯ ಆಸುಪಾಸಿನ ಕಥೆ. ಇವರದ್ದು 2 ಡಿಗ್ರಿ, ಜೊತೆಗೆ ಮೈಯಲ್ಲಿ ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಮೊದಲು ಕೈಕೊಡುವುದು ಬೆರಳುಗಳೇ. ಡಿಸ್ಕ್ ಬ್ರೇಕ್ ಬಂದ ಮೇಲೆ ಕಡಿಮೆ ಬಲ ಸಾಕಾಗುತ್ತದೆ ನಿಜ, ಆದರೆ ಲಿವರನ್ನು ಎಷ್ಟು ಒತ್ತುತ್ತಿದ್ದೇನೆ ಎಂಬುದೇ ಬೆರಳಿಗೆ ಗೊತ್ತಾಗದಿದ್ದರೆ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗುತ್ತದೆ. ಎಲೆಕ್ಟ್ರಾನಿಕ್ ಗೇರಿನ ಗುಂಡಿ ಸಿಗುವುದಿಲ್ಲ. ಜೇಬಿನಿಂದ ತಿಂಡಿ ತೆಗೆದು ಪೊಟ್ಟಣ ಹರಿಯಲಾಗುವುದಿಲ್ಲ, ಹಾಗಾಗಿ ತಿನ್ನುವುದು ನಿಲ್ಲುತ್ತದೆ. ನಡುಕಕ್ಕೂ ಸಕ್ಕರೆ ಬೇಕು, ಅದು ಖಾಲಿಯಾದಂತೆ ದೇಹ ಇನ್ನೂ ತಣ್ಣಗಾಗುತ್ತದೆ. ಮೈ ಗಡಗಡ ನಡುಗಿದರೆ ಹ್ಯಾಂಡಲ್ ನಡುಗುತ್ತದೆ, ಮುಂದಿನ ಚಕ್ರ ಅಲ್ಲಾಡುತ್ತದೆ. ದೇಹದೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಯೋಚನೆಯೇ ಮಂಕಾಗುತ್ತದೆ. ಅಂಥ ಸ್ಥಿತಿಯಲ್ಲಿ ಹೇರ್‌ಪಿನ್ ತಿರುವು ಎಣಿಸುತ್ತ ಇಳಿಯಬೇಕು. ಇಟಲಿಯ ಸ್ಟೆಲ್ವಿಯೊ ಘಾಟಿಯಿಂದ ಪ್ರಾಟೊ ಊರಿನ ಕಡೆಗೆ ಇಳಿಯುವ ಸುಮಾರು 25 ಕಿ.ಮೀ. ದಾರಿಯಲ್ಲಿ ಅಂಥ 48 ತಿರುವುಗಳಿವೆ.

ಇನ್ನು ನೀವು ಹೇಳಿದ 1988. ಜೂನ್ 5ರ ಆ ಸ್ಟೇಜನ್ನು ಧೈರ್ಯದ ಸಾಕ್ಷಿಯಾಗಿ ಎಲ್ಲರೂ ಎತ್ತಿ ಹೇಳುತ್ತಾರೆ, ಆದರೆ ಪೂರ್ತಿ ಹೇಳುವುದಿಲ್ಲ. ಗಾವಿಯಾ ನೆತ್ತಿಯನ್ನು ಮೊದಲು ದಾಟಿದವರು ಯೋಹಾನ್ ವಾನ್ ಡರ್ ವೆಲ್ಡೆ, ಅದೂ ಅರ್ಧ ತೋಳಿನ ಜರ್ಸಿಯಲ್ಲಿ. ಇಳಿಯಲಾಗದೆ ನಡುವೆ ನಿಂತು ಬೆಚ್ಚಗಾಗಬೇಕಾಯಿತು, ಗುರಿ ಮುಟ್ಟುವಾಗ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ. ಸ್ಟೇಜ್ ಗೆದ್ದದ್ದು ಎರಿಕ್ ಬ್ರೂಕಿಂಕ್. ಎರಡನೆಯವರಾಗಿ ಬಂದ ಆಂಡಿ ಹ್ಯಾಂಪ್ಸ್ಟನ್, ಗಿರೋದಲ್ಲಿ ಒಟ್ಟು ಸಮಯದಲ್ಲಿ ಮುಂದಿರುವವರಿಗೆ ಸಿಗುವ ಗುಲಾಬಿ ಜರ್ಸಿ ತೊಟ್ಟರು, ಕೊನೆಗೆ ಗಿರೋವನ್ನೂ ಗೆದ್ದರು. ಅವರ ತಂಡ ಆ ಬೆಳಗ್ಗೆಯೇ ಅಂಗಡಿಗಳಿಂದ ಸ್ಕೀಯಿಂಗ್ ಕೈಗವಸು, ಟೋಪಿ ಕೊಂಡು ತಂದು, ಏರಿನ ಮೇಲ್ಭಾಗದಲ್ಲಿ ಒಣಬಟ್ಟೆ ಸಿಗುವಂತೆ ಮಾಡಿತ್ತು. ಆ ದಿನದ ಫಲಿತಾಂಶದಲ್ಲಿ ಕಾಲಿನ ಬಲದಷ್ಟೇ ಒಣ ಕೈಗವಸಿಗೂ ಪಾಲಿತ್ತು.

ತೀರ್ಮಾನ ಯಾರದ್ದು ಎಂಬುದಕ್ಕೆ ಬರುತ್ತೇನೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2016ರ ಋತುವಿನಿಂದ ವಿಪರೀತ ಹವಾಮಾನದ ಪ್ರೋಟೋಕಾಲ್ ಜಾರಿಗೆ ತಂದಿದೆ. ಹೆಪ್ಪುಗಟ್ಟುವ ಮಳೆ, ರಸ್ತೆಯ ಮೇಲೆ ಹಿಮ, ಬಿರುಗಾಳಿ, ಅತಿ ಚಳಿ ಅಥವಾ ಅತಿ ಸೆಕೆ, ಮಂಜು ಕವಿದು ದಾರಿ ಕಾಣದಿರುವುದು, ವಾಯುಮಾಲಿನ್ಯ: ಇವುಗಳಲ್ಲಿ ಯಾವುದಾದರೂ ಮುನ್ಸೂಚನೆ ಇದ್ದರೆ ಸಭೆ ಕರೆಯಬಹುದು. ಆಯೋಜಕರು, ತೀರ್ಪುಗಾರರ ಮುಖ್ಯಸ್ಥರು, ರೇಸಿನ ವೈದ್ಯರು, ಭದ್ರತೆಯ ಹೊಣೆ ಹೊತ್ತವರು, ಸವಾರರ ಸಂಘವಾದ ಸಿಪಿಎ ಪ್ರತಿನಿಧಿ, ತಂಡಗಳ ಪ್ರತಿನಿಧಿ ಕೂತು ಮಾತಾಡುತ್ತಾರೆ. ಅವರ ಮುಂದಿರುವ ದಾರಿಗಳು: ಏನೂ ಬದಲಿಸದಿರುವುದು, ಹೊರಡುವ ಹೊತ್ತು ಬದಲಿಸುವುದು, ಸ್ಟಾರ್ಟ್ ಅಥವಾ ಫಿನಿಶ್ ಜಾಗ ಬದಲಿಸುವುದು, ಒಂದು ಭಾಗದಲ್ಲಿ ಸ್ಪರ್ಧೆ ನಿಲ್ಲಿಸಿ ಮತ್ತೆ ಆರಂಭಿಸುವುದು, ಇಡೀ ಸ್ಟೇಜ್ ರದ್ದು ಮಾಡುವುದು. ಇಷ್ಟು ಡಿಗ್ರಿಗಿಂತ ಕೆಳಗೆ ಹೋದರೆ ತಾನಾಗಿ ರದ್ದು ಎಂಬ ಗೆರೆ ಚಳಿಗೆ ಇಲ್ಲ. ಪ್ರತಿ ಸಲವೂ ಜಗಳವಾಗುವುದು ಅದಕ್ಕೇ.

ಇದರಲ್ಲಿ ಅತ್ಯಂತ ಮುಖ್ಯವಾದದ್ದು ಹೊತ್ತು. ಹಿಂದಿನ ಸಂಜೆಯೊಳಗೆ ತೀರ್ಮಾನವಾದರೆ ಪೊಲೀಸರು ಬೇರೆ ರಸ್ತೆ ಮುಚ್ಚಬಹುದು, ತಂಡದ ಬಸ್ಸುಗಳು ಹೊಸ ಸ್ಟಾರ್ಟಿಗೆ ಹೋಗಬಹುದು, ಸಹಾಯಕರು ಬಿಸಿ ಚಹಾ, ಒಣ ಜಾಕೆಟ್, ದಪ್ಪ ಕೈಗವಸು ಹಿಡಿದು ಸರಿಯಾದ ಜಾಗದಲ್ಲಿ ನಿಲ್ಲಬಹುದು. ಬೆಟ್ಟದ ಮೇಲೆ, ರೇಡಿಯೊದಲ್ಲಿ ತೀರ್ಮಾನ ಮಾಡಹೊರಟರೆ ಏನಾಗುತ್ತದೆ ಎನ್ನುವುದಕ್ಕೆ 2014ರ ಗಿರೋದ ಮೇ 27 ಸಾಕು. ಗಾವಿಯಾ, ಸ್ಟೆಲ್ವಿಯೊ ಎರಡೂ ಇದ್ದ ದಿನ. ಸ್ಟೆಲ್ವಿಯೊ ಇಳಿತದ ಮೊದಲ ತಿರುವುಗಳಲ್ಲಿ ಯಾರೂ ದುಸ್ಸಾಹಸ ಮಾಡದಂತೆ ಗುಂಪುಗಳ ಮುಂದೆ ಕೆಂಪು ಬಾವುಟದ ಮೋಟಾರ್‌ಸೈಕಲ್ ಹೋಗುತ್ತದೆ ಎಂಬ ಸಂದೇಶವನ್ನು ಕೆಲವು ತಂಡಗಳು 'ಇಳಿತದಲ್ಲಿ ಸ್ಪರ್ಧೆ ಇಲ್ಲ' ಎಂದು ಅರ್ಥ ಮಾಡಿಕೊಂಡವು. ಗುಲಾಬಿ ಜರ್ಸಿಯ ರಿಗೊಬೆರ್ಟೊ ಉರಾನ್ ಗುಂಪು ನಿಧಾನವಾಗಿ ಇಳಿಯಿತು. ನೈರೊ ಕ್ಯಿಂಟಾನಾ ಮುಂದೆ ಹೋದರು, ಸ್ಟೇಜ್ ಗೆದ್ದರು, ಜರ್ಸಿ ಪಡೆದರು. ಉರಾನ್ ನಾಲ್ಕು ನಿಮಿಷಕ್ಕೂ ಹೆಚ್ಚು ಕಳೆದುಕೊಂಡರು. ಕ್ಯಿಂಟಾನಾ ಆ ಗಿರೋಗೆ ಅರ್ಹರೇ ಆಗಿದ್ದರು ಎಂಬುದು ನನ್ನ ಅಭಿಪ್ರಾಯ, ಆದರೆ ಒಂದೇ ಸಂದೇಶ ಎರಡು ರೀತಿ ಕೇಳಿಸಿದ ದಿನ ಅದು. ಹಿಂದಿನ ವರ್ಷ, 2013ರಲ್ಲಿ, ಅದೇ ಘಾಟಿಗಳಿದ್ದ ಸ್ಟೇಜನ್ನು ಆಯೋಜಕರು ಪೂರ್ತಿ ರದ್ದು ಮಾಡಿದ್ದರು. ನೋಡುಗರಿಗೆ ನಿರಾಸೆ, ಆದರೆ ಗೊಂದಲವಿರಲಿಲ್ಲ.

ಚೆನ್ನಾಗಿ ಮೊಟಕು ಮಾಡಿದ್ದಕ್ಕೆ ನಾನು ಕೊಡುವ ಉದಾಹರಣೆ 2021ರ ಗಿರೋದ ಕೊರ್ಟಿನಾ ಸ್ಟೇಜ್. 212 ಕಿ.ಮೀ. ಇದ್ದದ್ದು 153ಕ್ಕೆ ಇಳಿಯಿತು. ಫೆದಾಯಾ, ಪೊರ್ದೊಯಿ ಘಾಟಿಗಳೆರಡನ್ನೂ ತೆಗೆದರು, 2,233 ಮೀಟರ್ ಎತ್ತರದ ಜಾವು ಘಾಟಿಯನ್ನು ಕೊನೆಗೆ ಉಳಿಸಿದರು. ದೊಡ್ಡ ಇಳಿತ ಕೊನೆಯದೊಂದೇ ಉಳಿಯಿತು, ಅದು ಮುಗಿದಲ್ಲೇ ಬೆಚ್ಚನೆಯ ಬಸ್. ಎಗಾನ್ ಬೆರ್ನಾಲ್ ಗೆದ್ದರು, ಸ್ಪರ್ಧೆ ಸೊರಗಲಿಲ್ಲ. ಹವಾಮಾನದಿಂದಾಗಿ ಪ್ರಸಾರದ ವಿಮಾನ, ಹೆಲಿಕಾಪ್ಟರ್ ಹಾರಲಾಗದೆ ಜಾವು ಏರಿನ ಚಿತ್ರಗಳೇ ಟಿವಿಗೆ ಬರಲಿಲ್ಲ, ಅದೊಂದೇ ಕೊರತೆ.

ಕೆಟ್ಟದ್ದಕ್ಕೆ 2023ರ ಗಿರೋದ ಕ್ರಾನ್ಸ್-ಮೊಂಟಾನಾ ಸ್ಟೇಜ್. 199 ಕಿ.ಮೀ. ಸ್ಟೇಜ್ 74.6 ಕಿ.ಮೀ.ಗೆ ಬಂತು. ಸವಾರರನ್ನು ಬಸ್ಸಿನಲ್ಲಿ ಸ್ವಿಟ್ಜರ್ಲೆಂಡಿನ ಲ ಶಾಬ್ಲ್ ಊರಿಗೆ ಒಯ್ದು ಅಲ್ಲಿಂದ ಹೊರಡಿಸಿದರು. ಆದರೆ ಕ್ರುವಾ ದ ಕೋರ್ ಎಂಬ ಕಡಿದಾದ ಘಾಟಿಯನ್ನೂ ಅದರ ಕಷ್ಟದ ಇಳಿತವನ್ನೂ ಹಾಗೇ ಇಟ್ಟುಕೊಂಡರು. ಹವಾಮಾನವೂ ಹೆದರಿದಷ್ಟು ಕೆಡಲಿಲ್ಲ. ದಿನಗಟ್ಟಲೆ ಮಳೆಯಲ್ಲಿ ನೆನೆದು, ಕಾಯಿಲೆ ಬಿದ್ದು ದಣಿದಿದ್ದ ಸವಾರರ ಬೇಡಿಕೆ ನನಗೆ ಅರ್ಥವಾಗುತ್ತದೆ. ಆದರೆ ನೂರಿಪ್ಪತ್ತು ಕಿ.ಮೀ. ತೆಗೆದುಹಾಕಿ ಅಪಾಯದ ಇಳಿತವನ್ನೇ ಉಳಿಸಿದ್ದನ್ನು ಸಮರ್ಥಿಸಲು ನನಗೆ ಸಾಧ್ಯವಿಲ್ಲ. 2024ರಲ್ಲಿ ಲಿವಿಗ್ನೊದಿಂದ ಹೊರಡಬೇಕಿದ್ದ ದಿನ ತೆಗೆದದ್ದು ಸರಿಯಾದ ಭಾಗವನ್ನೇ. ಹಿಮಕುಸಿತದ ಭಯಕ್ಕೆ ಸ್ಟೆಲ್ವಿಯೊವನ್ನು ಮೊದಲೇ ಬಿಟ್ಟಿದ್ದರು, ಬದಲಿಗೆ ಬಂದ ಉಂಬ್ರೈಲ್ ಕೂಡ ಎತ್ತರದ್ದೇ ಎಂದು ಕೊನೆಗೆ ಕಣಿವೆಯ ಲಾಸಾ ಊರಿನಿಂದ 118.7 ಕಿ.ಮೀ. ಓಡಿಸಿದರು. ತಪ್ಪಿದ್ದು ಹೊತ್ತು ಮಾತ್ರ. ಬೆಳಗ್ಗೆ ಸ್ಟಾರ್ಟಿನ ಹೊತ್ತಿಗೂ ವಾದ ನಡೆದೇ ಇತ್ತು.

ಫಿನಿಶನ್ನು ಕೆಳಗೆ ತರುವುದು ಸುಲಭದ ಪರಿಹಾರದಂತೆ ಕಾಣುತ್ತದೆ, ಅದರಲ್ಲೂ ಒಂದು ತೊಡಕಿದೆ. 2016ರ ಟೂರ್‌ನಲ್ಲಿ ಮೊಂ ವಾಂತು ಬೆಟ್ಟದ ನೆತ್ತಿಯ ಮೇಲೆ ಬಿರುಗಾಳಿ ಎಂದು ಫಿನಿಶನ್ನು 6 ಕಿ.ಮೀ. ಕೆಳಗೆ, ಶಾಲೆ ರೆನಾರ್ (Chalet Reynard) ಎಂಬ ಜಾಗಕ್ಕೆ ಇಳಿಸಿದರು. ಬೆಟ್ಟವಿಡೀ ಹರಡಬೇಕಿದ್ದ ಜನ ಕೆಳಗಿನ ಕಿರಿದಾದ ರಸ್ತೆಯಲ್ಲಿ ಕಿಕ್ಕಿರಿದರು, ತಡೆಬೇಲಿ ಸಾಲಲಿಲ್ಲ. ಮುಂದಿದ್ದ ಮೋಟಾರ್‌ಸೈಕಲ್ ನಿಂತಿತು, ರಿಚಿ ಪೋರ್ಟ್, ಕ್ರಿಸ್ ಫ್ರೂಮ್, ಬೌಕ ಮೊಲೆಮಾ ಅದಕ್ಕೆ ಡಿಕ್ಕಿ ಹೊಡೆದರು. ಸೈಕಲ್ ಮುರಿದ ಫ್ರೂಮ್, ಟೂರ್‌ನಲ್ಲಿ ಮುಂದಿರುವವರು ತೊಡುವ ಹಳದಿ ಜರ್ಸಿಯಲ್ಲಿ ಓಡುತ್ತ ಬೆಟ್ಟ ಹತ್ತಿದ್ದು ಆಗಲೇ.

ಓಟ ನಡೆಯುತ್ತಿರುವಾಗಲೇ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ, ಆಗ ಯಾರೂ ಏನೂ ಮಾಡಲಾಗದು. 2019ರ ಜುಲೈ 26ರಂದು ಟೂರ್ 2,770 ಮೀಟರಿನ ಈಜ಼ರಾನ್ ಘಾಟಿ ದಾಟಿದ ಮೇಲೆ ಕೆಳಗಿನ ರಸ್ತೆಯಲ್ಲಿ ಆಲಿಕಲ್ಲು ಗುಡ್ಡೆ ಬಿದ್ದಿತ್ತು, ಮಣ್ಣು ಕುಸಿದಿತ್ತು. ನೆತ್ತಿಯಲ್ಲಿ ದಾಖಲಾದ ಸಮಯವನ್ನೇ ಅಂತಿಮವೆಂದು ತೆಗೆದುಕೊಂಡರು. ಹಳದಿ ಜರ್ಸಿ ಅಲಾಫಿಲಿಪ್ ಅವರಿಂದ ಬೆರ್ನಾಲ್‌ಗೆ ಹೋಯಿತು, ಆ ಸ್ಟೇಜಿಗೆ ವಿಜೇತರೇ ಇಲ್ಲ. ಮರುದಿನದ 130 ಕಿ.ಮೀ. ಕೂಡ 59.5ಕ್ಕೆ ಇಳಿಯಿತು.

ಮೊಟಕಾದ ಸ್ಟೇಜಿನ ಸಮಯ ಒಟ್ಟು ಲೆಕ್ಕಕ್ಕೆ ಪೂರ್ತಿ ಸೇರುತ್ತದೆ. ನೆತ್ತಿಯನ್ನು ಮೊದಲು ದಾಟಿದವರಿಗೆ ಕೊಡುವ ಪರ್ವತ ಅಂಕಗಳು ತೆಗೆದ ಘಾಟಿಗೆ ಸಿಗುವುದಿಲ್ಲ. ಹೆಚ್ಚಿನವರು ಗಮನಿಸದ ಇನ್ನೊಂದು ಪರಿಣಾಮವಿದೆ. ಗಡುವಿನ ಸಮಯ (ಗೆದ್ದವನ ನಂತರ ಅಷ್ಟರೊಳಗೆ ಗುರಿ ಮುಟ್ಟದವರು ರೇಸಿನಿಂದ ಹೊರಗೆ) ಗೆದ್ದವನ ಸಮಯದ ಶೇಕಡಾವಾರಿನಲ್ಲಿ ನಿಗದಿಯಾಗುತ್ತದೆ. ಶೇ. 15 ಎಂದಿಟ್ಟುಕೊಳ್ಳಿ: ಐದು ಗಂಟೆಯ ಸ್ಟೇಜಿಗೆ 45 ನಿಮಿಷ ಸಿಗುತ್ತಿದ್ದರೆ, ಒಂದೂವರೆ ಗಂಟೆಯದಕ್ಕೆ ಹದಿಮೂರೂವರೆ ನಿಮಿಷ ಮಾತ್ರ. ಏರಿನಲ್ಲಿ ಹಿಂದುಳಿಯುವ ಭಾರದ ಸ್ಪ್ರಿಂಟರ್‌ಗಳಿಗೆ ಚಿಕ್ಕ ಸ್ಟೇಜ್ ಸುಲಭವೆಂದು ಹೇಳಲಾಗುವುದಿಲ್ಲ.

ಮುಂದಿನ ಗಿರೋದಲ್ಲಿ ನೀವೇ ಅಂದಾಜು ಮಾಡಬೇಕೆಂದಿದ್ದರೆ, ಎರಡು ದಿನ ಮೊದಲು ಹವಾಮಾನ ಮುನ್ಸೂಚನೆಯಲ್ಲಿ ಸೊನ್ನೆ ಡಿಗ್ರಿಯ ಎತ್ತರ ನೋಡಿ. ಹಿಮ ಸಾಮಾನ್ಯವಾಗಿ ಅದಕ್ಕಿಂತ ಸುಮಾರು 300 ಮೀಟರ್ ಕೆಳಗಿನವರೆಗೂ ಬೀಳುತ್ತದೆ, ಜೋರು ಮಳೆಯಾದರೆ ಇನ್ನೂ ಕೆಳಗೆ. ಘಾಟಿಯ ನೆತ್ತಿ ಆ ಗೆರೆಗಿಂತ ಮೇಲಿದ್ದು, ಅಲ್ಲಿಂದ 15-20 ಕಿ.ಮೀ. ಇಳಿತವಿದ್ದು, ಅದರ ನಂತರ ಇನ್ನೊಂದು ಏರು ಕಾದಿದ್ದರೆ ದಾರಿ ಬದಲಾಗುವ ಸಾಧ್ಯತೆ ಹೆಚ್ಚು. ನೆತ್ತಿಯಲ್ಲೇ ಫಿನಿಶ್ ಇದ್ದರೆ ಸಾಮಾನ್ಯವಾಗಿ ಓಡಿಸುತ್ತಾರೆ. 2013ರಲ್ಲಿ ಹಿಮ ಸುರಿಯುತ್ತಿದ್ದಾಗಲೇ ನಿಬಾಲಿ ತ್ರೆ ಚಿಮೆ ಬೆಟ್ಟದ ಮೇಲೆ ಗೆದ್ದದ್ದು ಹಾಗೆಯೇ. ಅದಕ್ಕೂ ಮೊದಲಿನ ಘಾಟಿಗಳನ್ನು ತೆಗೆದರೂ ಕೊನೆಯ ಏರನ್ನು ಉಳಿಸಿದ್ದರು. ಅದರಾಚೆ ಇಳಿಯುವುದಿರಲಿಲ್ಲ.